ಸ್ಲೈಡ್ ರಸಪ್ರಶ್ನೆ
ಪವರ್‌ಪಾಯಿಂಟ್, ಲಿಬ್ರೆಆಫೀಸ್ ಇಂಪ್ರೆಸ್‌ನಂಥ ಪ್ರಸ್ತುತಿ ತಂತ್ರಾಂಶದಲ್ಲಿ, ಕೋಡ್ ಬರೆಯದೆ, ಕೊಂಡಿಗಳಿಂದಲೇ ಕಟ್ಟುವ ಆಟ. ಪ್ರಶ್ನೆಗೊಂದು ಸ್ಲೈಡ್, ಪ್ರತಿ ಆಯ್ಕೆಯ ಗುಂಡಿಗೂ ಬೇರೊಂದು ಸ್ಲೈಡಿನ ಕೊಂಡಿ. ದಾವಣಗೆರೆ, ಹರಿಹರದ ತರಗತಿಗಳಿಗೆ ಬೇಕಾದ ಸಾಮಗ್ರಿ ಊರಲ್ಲೇ ಇದೆ. ‘ಹರಿಹರೇಶ್ವರ ದೇವಾಲಯ ಕಟ್ಟಿಸಿದವರು ಯಾರು?’ ಎಂದು ಕೇಳಿ ಪೋಲಾಳ್ವ, ವಿಷ್ಣುವರ್ಧನ ಎಂಬ ಎರಡು ಗುಂಡಿ ಇಡಬಹುದು. ವಿಷ್ಣುವರ್ಧನನನ್ನು ಒತ್ತಿದವರಿಗೆ ಬರೀ ‘ತಪ್ಪು’ ಎಂದರೆ ಸಾಲದು. ಆತ ಅದಕ್ಕೂ ಸುಮಾರು ನೂರು ವರ್ಷ ಹಿಂದಿನ ಹೊಯ್ಸಳ ದೊರೆ, ದೇವಾಲಯ 1224ರ ಸುಮಾರಿಗೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು ಎಂದು ಆ ಸ್ಲೈಡೇ ತಿಳಿಸಬೇಕು. ಕಲಿಕೆ ನಡೆಯುವುದೇ ಅಲ್ಲಿ. ಆದರೆ ಗುಂಡಿಯ ಹೊರಗೆ ಒತ್ತಿದರೆ ಮುಂದಿನ ಸ್ಲೈಡ್ ಬಂದು ಉತ್ತರ ಬಯಲಾಗುತ್ತದೆ. ಕೊಂಡಿ ಒತ್ತಿದರಷ್ಟೇ ಸ್ಲೈಡ್ ಬದಲಾಗುವ ಪವರ್‌ಪಾಯಿಂಟಿನ ಕಿಯೋಸ್ಕ್ ವಿಧಾನ ಇದನ್ನು ತಡೆಯುತ್ತದೆ. ಕನ್ನಡ ಪಠ್ಯ ಯೂನಿಕೋಡ್‌ನಲ್ಲೇ ಇರಲಿ; ಯೂನಿಕೋಡ್ ಅಲ್ಲದ ಹಳೆಯ ಫಾಂಟಿನದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದ ಗೀಚಾಗಿಬಿಡುತ್ತದೆ.