ವ್ಯಾಟ್ ಎಂಬ ಹೆಸರು: ಒಂದು ತಿದ್ದುಪಡಿ



ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪಾಠ ನಡೆಯುತ್ತಿದ್ದಾಗ ನಿಮ್ಮಲ್ಲೊಬ್ಬನು ಎದ್ದು ನಿಂತು, "ಸರ್, ಈ ವ್ಯಾಟ್ ಎಂಬುವರು ವಿದ್ಯುತ್ತಿನಲ್ಲಿ ಏನನ್ನು ಕಂಡುಹಿಡಿದರು?" ಎಂದು ಕೇಳಿದ್ದನು. ಪಾಠ ಮುಗಿಸುವ ಆತುರದಲ್ಲಿದ್ದ ನಾನು, "ಬಲ್ಬಿನ ಸಾಮರ್ಥ್ಯವನ್ನು ಮೊದಲು ಅಳೆದವರು" ಎಂದುಬಿಟ್ಟೆ. ಅದು ತಪ್ಪು. ತಡವಾಗಿಯಾದರೂ ತಿದ್ದುವುದು ನನ್ನ ಕರ್ತವ್ಯ.

ಜೇಮ್ಸ್ ವ್ಯಾಟ್ (1736–1819) ಸ್ಕಾಟ್ಲೆಂಡಿನವನು, ಉಗಿಯಂತ್ರವನ್ನು ಸುಧಾರಿಸಿದವನು. ಮನೆಗಳಿಗೆ ವಿದ್ಯುದ್ದೀಪ ಬರುವುದಕ್ಕೆ ಬಹು ಮೊದಲೇ ತೀರಿಕೊಂಡನು. ಆಗ ಗಿರಣಿಗಳನ್ನು ಕುದುರೆಗಳು ತಿರುಗಿಸುತ್ತಿದ್ದವು. ತನ್ನ ಯಂತ್ರ ಎಷ್ಟು ಕುದುರೆಗಳಿಗೆ ಸಮವೆಂದು ಕೊಳ್ಳುವವರಿಗೆ ತಿಳಿಸಬೇಕಾಗಿತ್ತು. ಆದ್ದರಿಂದ ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಸಾಮರ್ಥ್ಯವನ್ನು ಒಂದು ಅಶ್ವಶಕ್ತಿ ಎಂದನು. ಇಲ್ಲಿ 'ಒಂದು ನಿಮಿಷದಲ್ಲಿ' ಎಂಬುದೇ ಮುಖ್ಯ. ಸಾಮರ್ಥ್ಯವೆಂದರೆ ಮಾಡಿದ ಕೆಲಸದ ಮೊತ್ತವಲ್ಲ, ಕೆಲಸ ನಡೆಯುವ ದರ.

ಈ ಋಣವನ್ನು ನೆನೆದು 1882ರಲ್ಲಿ ವಿಲಿಯಂ ಸೀಮೆನ್ಸ್, ಬ್ರಿಟಿಷ್ ಅಸೋಸಿಯೇಷನ್ನಿನ ಅಧ್ಯಕ್ಷಭಾಷಣದಲ್ಲಿ, ವಿದ್ಯುತ್ ಸಾಮರ್ಥ್ಯದ ಮಾನಕ್ಕೆ ವ್ಯಾಟನ ಹೆಸರನ್ನು ಸೂಚಿಸಿದನು.

ಲೆಕ್ಕ ಸುಲಭ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿರಿ. ಇಸ್ತ್ರಿಪೆಟ್ಟಿಗೆಯಲ್ಲಿ 230 ವೋಲ್ಟಿಗೆ 4 ಆಂಪಿಯರ್ ಹರಿದರೆ 920 ವ್ಯಾಟ್. ಒಂದು ಅಶ್ವಶಕ್ತಿ ಸುಮಾರು 746 ವ್ಯಾಟ್. ಎಂದರೆ, ಒಂದು ಅಂಗಿಯ ಸುಕ್ಕು ತೆಗೆಯುವ ಪೆಟ್ಟಿಗೆಗೆ ವ್ಯಾಟನ ಒಂದು ಕುದುರೆ ಸಾಲದು! ಅದೇ ಪೆಟ್ಟಿಗೆ ಒಂದು ಗಂಟೆ ಕಾದರೆ 0.92 ಯೂನಿಟ್, ಬಿಲ್ಲು ಬರುವುದು ಅದಕ್ಕೆ.

ಅಂದು ಕೇಳಿದವನು ಎಲ್ಲಿದ್ದರೂ ಇದನ್ನು ಓದಲಿ. ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು. ಉತ್ತರ ಮಾತ್ರ ಇಂದು ಬಂದಿದೆ.