ಶ್ರೀರಂಗಪಟ್ಟಣದ ಸೆರೆ: ಒಂದು ತೀರ್ಪಿನ ಮರುವಿಚಾರ

ನಮ್ಮ ಗಡಿನಾಡಿನ ಕೊಂಕಣಿ ಕ್ರೈಸ್ತರ ಇತಿಹಾಸವನ್ನು ಹಿಂದಕ್ಕೆ ಹಿಡಿದು ಹೋದರೆ 1784ರಲ್ಲಿ ದಾರಿ ಕಡಿದಂತಾಗುತ್ತದೆ. ಆ ವರ್ಷದ ಜನವರಿಯಲ್ಲಿ ಮಂಗಳೂರು ಕೋಟೆ ಆಂಗ್ಲರ ಕೈಯಿಂದ ಟಿಪ್ಪು ಸುಲ್ತಾನನ ವಶವಾಯಿತು. ಯುದ್ಧದಲ್ಲಿ ಶತ್ರುಗಳಿಗೆ ನೆರವಾದರೆಂಬ ಆರೋಪ ಇಲ್ಲಿಯ ಕ್ರೈಸ್ತರ ಮೇಲೆ ಬಿತ್ತು. ಫೆಬ್ರವರಿಯ ಕೊನೆಗೆ, ತಪಸ್ಸುಕಾಲದ ಹೊಸ್ತಿಲಲ್ಲಿ, ಕೆನರಾದ ಊರೂರುಗಳಲ್ಲಿ ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಮುದುಕರು, ಬಾಣಂತಿಯರು, ಮಕ್ಕಳು ದಾರಿಯಲ್ಲೇ ಬಿದ್ದರು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು ನೆಲಸಮವಾದವು. ಮೂಡಬಿದಿರೆಯ ಹೊಸಬೆಟ್ಟು ಇಗರ್ಜಿ ಉಳಿಯಿತು. ಅದನ್ನು ಕಾಪಾಡಿದವರು ಚೌಟ ಅರಸರೆಂದು ಹೇಳುತ್ತಾರೆ.

ಸೆರೆಯಾದವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಪಟ್ಟಣದಲ್ಲಿ ಬಲವಂತದ ಸುನ್ನತಿ ನಡೆಯಿತು. ಹರೆಯದವರನ್ನು ಸೈನ್ಯಕ್ಕೆ ಸೇರಿಸಿದರು. ಹದಿನೈದು ವರ್ಷ ಇಗರ್ಜಿಯಿಲ್ಲ, ಪೂಜೆಯಿಲ್ಲ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಕ್ರೈಸ್ತ ನೆಲೆಯ ಮೂಲ ಅದೇ.

1799ರ ಮೇ 4ರಂದು ಪಟ್ಟಣ ಬಿತ್ತು. ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮುಂದೆ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ಜನರ ಬಗ್ಗೆ ಕಠಿಣ ತೀರ್ಪು ಕೊಟ್ಟರು: 60,000 ಮಂದಿಯಲ್ಲಿ ಒಬ್ಬನಾದರೂ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ರಕ್ತಸಾಕ್ಷಿಯಾಗಲಿಲ್ಲ ಎಂದು.

ಈ ಮಾತು ನನ್ನನ್ನು ಬಹುಕಾಲ ಕಾಡಿದೆ. ತಿರುವಾಂಕೂರಿನ ದೇವಸಹಾಯಂ ಪಿಳ್ಳೆ 1745ರಲ್ಲಿ ದೀಕ್ಷಾಸ್ನಾನ ಪಡೆದು, ಹಿಂಸೆಗೆ ಬಗ್ಗದೆ 1752ರಲ್ಲಿ ಗುಂಡಿಗೆ ಬಲಿಯಾದವರು. 2022ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಮಲೆಯಾಳ ಓದುಗರಿಗೆ ಅವರ ಹೆಸರು ಹೊಸದಲ್ಲ. ಆ ಅಳತೆಗೋಲು ಹಿಡಿದರೆ ನಮ್ಮ ಸೆರೆಯವರು ಸೋತವರೇ?

ದುಬಾಯ್ ಅವರ ಬರಹದಲ್ಲೇ ಉತ್ತರವಿದೆ. ಪಟ್ಟಣ ಬಿದ್ದ ಮೇಲೆ ಈ ಜನ ತಾವಾಗಿ ಮರಳಿ ಬಂದರು. ಹೊರಗೆ ಮಾತ್ರ ಬಾಗಿದ್ದೆವು, ಒಳಗೆ ಬಿಟ್ಟಿರಲಿಲ್ಲ ಎಂದರು. ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದೂ, 20,000ದಷ್ಟು ಜನ ಮಂಗಳೂರು ಸೀಮೆಗೆ ಹಿಂದಿರುಗಿ ಇಗರ್ಜಿಗಳನ್ನು ಮತ್ತೆ ಕಟ್ಟಿದರೆಂದೂ ಅವರೇ ಬರೆಯುತ್ತಾರೆ. ಹದಿನೈದು ವರ್ಷವೆಂದರೆ ಸೆರೆಯಲ್ಲೇ ಹುಟ್ಟಿದ ಮಗು ಹರೆಯಕ್ಕೆ ಬರುವಷ್ಟು ಕಾಲ. ಪಾದ್ರಿಯೂ ಪುಸ್ತಕವೂ ಇಲ್ಲದ ಮನೆಯಲ್ಲಿ ಆ ಮಗುವಿಗೆ ಯಾರೂ ಏನೂ ಹೇಳಿಕೊಡದಿದ್ದರೆ ಇಷ್ಟು ಮಂದಿ ಮರಳುತ್ತಿದ್ದರೇ? ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಫ್ರಾನ್ಸ್ ಬಿಟ್ಟು ಹೊರಟುಬಂದ ದುಬಾಯ್ ಅವರಿಗೂ ಪ್ರಾಣದ ಬೆಲೆ ತಿಳಿದಿರಬೇಕು.

ಈ ನೋವನ್ನು ಇಂದು ನೆರೆಮನೆಯ ಮುಸ್ಲಿಮನ ಮೇಲೆ ಹೊರಿಸುವವರಿದ್ದಾರೆ. ಅದು ಅನ್ಯಾಯ. 1791ರಲ್ಲಿ ಮರಾಠಾ ದಾಳಿಗೆ ಸಿಕ್ಕಿ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನೂ ಇದೇ ಟಿಪ್ಪು. ಎರಡೂ ನಿಜ, ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಹಿಂದಿರುಗಿದವರು ಕತ್ತಿ ಹಿಡಿಯಲಿಲ್ಲ, ಬಿದ್ದ ಗೋಡೆಗಳನ್ನು ಎತ್ತಿದರು. ನಾನು ಅದನ್ನೇ ನಿಷ್ಠೆ ಎನ್ನುತ್ತೇನೆ.