ಕೋರ್ಟಿನ ಕಪಾಟು ಮತ್ತು ಅದರ ಕೀಲಿಕೈ

ಸಿನಿಮಾಗಳಲ್ಲಿ ನ್ಯಾಯಾಲಯದ ದೃಶ್ಯ ಬಂದರೆ ಕರಿ ಕೋಟು, ಕಟಕಟೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆ ಮತ್ತು ನ್ಯಾಯಾಧೀಶರ ಕೈಯಲ್ಲೊಂದು ಸುತ್ತಿಗೆ ಕಾಣಿಸುತ್ತವೆ. ಸುತ್ತಿಗೆ ಬಡಿಯುವ ರೂಢಿ ನಮ್ಮ ಕೋರ್ಟುಗಳಲ್ಲಿ ಇಲ್ಲವೇ ಇಲ್ಲ. ಆದರೆ ನಿಜವಾದ ಕೋರ್ಟಿನಲ್ಲಿ ಇದ್ದೂ ಸಿನಿಮಾದಲ್ಲಿ ಎಂದೂ ಕಾಣಿಸದ ಒಬ್ಬ ಮನುಷ್ಯನಿದ್ದಾನೆ. ವಕೀಲರು ಕೊಟ್ಟ ಪಟ್ಟಿ ಹಿಡಿದು, ದಪ್ಪ ದಪ್ಪ ಸಂಪುಟಗಳನ್ನು ಕಪಾಟಿನಿಂದ ಇಳಿಸಿ, ಬೇಕಾದ ಪುಟಕ್ಕೆ ಚೀಟಿ ಸಿಕ್ಕಿಸಿ, ನ್ಯಾಯಮೂರ್ತಿಗಳ ಮುಂದೆ ತಂದಿಡುವ ಗ್ರಂಥಾಲಯದ ಸಿಬ್ಬಂದಿ. ಅವನು ತಂದಿಟ್ಟದ್ದನ್ನು ಆಧರಿಸಿ ವಾದ ನಡೆಯುತ್ತದೆ. ಅವನ ಹೆಸರು ಮಾತ್ರ ಯಾವ ತೀರ್ಪಿನಲ್ಲೂ ಇರುವುದಿಲ್ಲ.

ನಮ್ಮಲ್ಲಿ ಮೇಲಿನ ಕೋರ್ಟಿನ ತೀರ್ಪೂ ಕಾನೂನೇ. ಹಾಗಾಗಿ ನಿನ್ನೆಯ ತೀರ್ಪು ಸಿಗದಿದ್ದರೆ ಇಂದಿನ ತೀರ್ಪು ತಪ್ಪಬಹುದು. ಅನ್ವಯಿಸಬೇಕಾಗಿದ್ದ ಹಿಂದಿನ ತೀರ್ಪನ್ನೋ ಕಾಯ್ದೆಯನ್ನೋ ಗಮನಿಸದೆ ಕೊಟ್ಟ ತೀರ್ಪಿಗೆ ಕಾನೂನಿನಲ್ಲಿ ‘ಪರ್ ಇನ್‌ಕ್ಯೂರಿಯಂ’ ಎಂಬ ಲ್ಯಾಟಿನ್ ಹೆಸರೇ ಇದೆ. ಅಂಥ ತೀರ್ಪಿಗೆ ಮುಂದಿನವರು ಕಟ್ಟುಬೀಳಬೇಕಿಲ್ಲ. ಪುಸ್ತಕ ಸಿಗದೆ ಹೋದರೆ ನ್ಯಾಯ ದಾರಿ ತಪ್ಪುತ್ತದೆ ಎಂದು ಕಾನೂನೇ ಒಪ್ಪಿಕೊಂಡಿದೆ ಎಂದಾಯಿತು. ಕೋರ್ಟಿನ ಕಪಾಟಿನಲ್ಲಿ ಏನಿದೆ, ಅದನ್ನು ಯಾರು ಜೋಡಿಸಿದರು, ಕೀಲಿಕೈ ಯಾರ ಬಳಿ ಇತ್ತು ಎಂಬ ಇತಿಹಾಸ ಅದಕ್ಕಾಗಿಯೇ ನಮ್ಮೆಲ್ಲರಿಗೂ ಸಂಬಂಧಿಸಿದ್ದು.

ಮೌಲ್ವಿಯ ಜಾಗಕ್ಕೆ ಬಂದ ಪುಸ್ತಕ

ಈಸ್ಟ್ ಇಂಡಿಯಾ ಕಂಪನಿಯ ಕೋರ್ಟುಗಳಿಗೆ ಮೊದಲು ಗ್ರಂಥಾಲಯ ಬೇಕಾಗಿರಲಿಲ್ಲ. ಮನುಷ್ಯರೇ ಗ್ರಂಥಾಲಯವಾಗಿದ್ದರು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಮಾಡಿದ ಏರ್ಪಾಡಿನಂತೆ ಮದುವೆ, ವಾರಸು ಮುಂತಾದ ವಿಷಯಗಳಲ್ಲಿ ಮುಸಲ್ಮಾನರಿಗೆ ಕುರ್‌ಆನ್ ಆಧಾರಿತ ಕಾನೂನು, ಹಿಂದೂಗಳಿಗೆ ಶಾಸ್ತ್ರ. ಇವೆರಡೂ ತಿಳಿಯದ ಇಂಗ್ಲಿಷ್ ನ್ಯಾಯಾಧೀಶನ ಪಕ್ಕದಲ್ಲಿ ಮೌಲ್ವಿ ಮತ್ತು ಪಂಡಿತ ಕೂರುತ್ತಿದ್ದರು. ಮೌಲ್ವಿ ಫತ್ವಾ ಕೊಡುತ್ತಿದ್ದ, ಪಂಡಿತ ವ್ಯವಸ್ಥೆ ಹೇಳುತ್ತಿದ್ದ, ನ್ಯಾಯಾಧೀಶ ಆದೇಶ ಬರೆಯುತ್ತಿದ್ದ.

ಆದರೆ ಇಂಗ್ಲಿಷರಿಗೆ ಈ ಇಬ್ಬರ ಮೇಲೂ ಪೂರ್ತಿ ನಂಬಿಕೆ ಹುಟ್ಟಲಿಲ್ಲ. ಅವರ ಮಾತನ್ನು ಪರೀಕ್ಷಿಸಲು ತಮ್ಮ ಭಾಷೆಯಲ್ಲಿ ಪುಸ್ತಕ ಬೇಕೆನಿಸಿತು. ಹನ್ನೆರಡನೆಯ ಶತಮಾನದ ಹನಫಿ ಗ್ರಂಥ ‘ಹಿದಾಯ’ವನ್ನು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ನಾಲ್ಕು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ. ಮರುವರ್ಷ ಸರ್ ವಿಲಿಯಂ ಜೋನ್ಸ್ ವಾರಸಾ ನಿಯಮಗಳ ‘ಸಿರಾಜಿಯ್ಯಾ’ವನ್ನು ಅನುವಾದಿಸಿದ. ಔರಂಗಜೇಬನ ಕಾಲದ ‘ಫತಾವಾ ಆಲಂಗೀರಿ’ಯಿಂದ ನೀಲ್ ಬೇಲಿ ಆಯ್ದು ಸಂಗ್ರಹಿಸಿದ ಗ್ರಂಥ 1865ರಲ್ಲಿ ಹೊರಬಂತು. ಅಷ್ಟರಲ್ಲಿ, 1864ರ 11ನೇ ಕಾಯ್ದೆಯ ಮೂಲಕ, ಕೋರ್ಟಿನ ಮೌಲ್ವಿಗಳ ಹುದ್ದೆಯೇ ರದ್ದಾಗಿತ್ತು. ಕುರ್ಚಿ ಖಾಲಿಯಾಯಿತು, ಕಪಾಟು ತುಂಬಿತು.

ಇದರಲ್ಲಿ ಲಾಭವಿರಲಿಲ್ಲವೆಂದಲ್ಲ. ಮೌಲ್ವಿಯ ಬಾಯಿಮಾತನ್ನು ತಾಳೆ ನೋಡುವುದು ಕಷ್ಟ, ಅಚ್ಚಾದ ಪುಸ್ತಕವನ್ನು ಎದುರು ಕಕ್ಷಿಯ ವಕೀಲನೂ ತೆರೆದು ನೋಡಬಹುದು. ಆದರೆ ನಷ್ಟವೂ ದೊಡ್ಡದಿತ್ತು. ಹ್ಯಾಮಿಲ್ಟನ್ ಅನುವಾದಿಸಿದ್ದು ಅರಬಿ ಮೂಲದಿಂದಲ್ಲ, ಅದರ ಪಾರಸಿ ಅನುವಾದದಿಂದ. ಅನುವಾದದ ಅನುವಾದವೇ ಕೋರ್ಟಿನಲ್ಲಿ ಮೂಲದ ಪಟ್ಟ ಏರಿತು. ಮೌಲ್ವಿಯನ್ನು ‘ಹಾಗಾದರೆ ಇಂಥ ಸಂದರ್ಭದಲ್ಲಿ?’ ಎಂದು ಮರುಪ್ರಶ್ನೆ ಕೇಳಬಹುದಿತ್ತು. ಪುಸ್ತಕ ಮರುಪ್ರಶ್ನೆಗೆ ಉತ್ತರಿಸುವುದಿಲ್ಲ. 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿದಾಯದಂಥ ಪ್ರಮಾಣ ಗ್ರಂಥಗಳ ನಿಲುವಿಗೆ ವಿರುದ್ಧವಾಗಿ ಕೋರ್ಟುಗಳು ತಾವೇ ಕುರ್‌ಆನನ್ನು ಅರ್ಥೈಸಬಾರದು ಎಂದಿತು. ಕಪಾಟಿಗೆ ಬೀಗ ಬಿತ್ತು.

ಆ ಕಪಾಟನ್ನು ಒಳಗಿನಿಂದಲೇ ಪ್ರಶ್ನಿಸಿದವರು ಸರ್ ಸಯ್ಯದ್ ಅಹಮದ್ ಖಾನರ ಮಗ, ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸಯ್ಯದ್ ಮಹಮೂದ್. ಕೇಂಬ್ರಿಜ್‌ನಲ್ಲಿ ಓದಿದ್ದರೂ ಅರಬಿ ಬಲ್ಲವರು. 1885ರಲ್ಲಿ ‘ಶುಫಾ’ ಅಂದರೆ ನೆರೆಯವನ ಮೊದಲ ಖರೀದಿಯ ಹಕ್ಕಿನ ಪ್ರಕರಣವೊಂದರಲ್ಲಿ ಅವರು ಇಂಗ್ಲಿಷ್ ಅನುವಾದಕ್ಕಷ್ಟೇ ನಿಲ್ಲದೆ ಅರಬಿ ಗ್ರಂಥಗಳನ್ನೇ ಮುಂದಿಟ್ಟುಕೊಂಡು ಬರೆದ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ. ಕಪಾಟಿನಲ್ಲಿ ಮೂಲ ಗ್ರಂಥವೂ, ಅದನ್ನು ಓದಬಲ್ಲವರೂ ಇದ್ದರೆ ತೀರ್ಪಿನ ಬಣ್ಣವೇ ಬದಲಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಒಂದು ತೀರ್ಪು, ಮೂರು ವಿಳಾಸ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೀರ್ಪುಗಳನ್ನು ಅಚ್ಚು ಹಾಕಿ ಮಾರುವ ಖಾಸಗಿ ವರದಿಗಳು ಅಡ್ಡಾದಿಡ್ಡಿಯಾಗಿ ಬೆಳೆದಿದ್ದವು. ಅದಕ್ಕೊಂದು ಶಿಸ್ತು ತರಲು 1875ರಲ್ಲಿ ಇಂಡಿಯನ್ ಲಾ ರಿಪೋರ್ಟ್ಸ್ ಕಾಯ್ದೆ ಬಂತು. ಮರುವರ್ಷದಿಂದ ಕಲ್ಕತ್ತಾ, ಮದರಾಸು, ಬೊಂಬಾಯಿ, ಅಲಹಾಬಾದ್ ಹೈಕೋರ್ಟುಗಳ ಅಧಿಕೃತ ಸಂಪುಟಗಳು ಹೊರಬರತೊಡಗಿದವು. ಖಾಸಗಿ ವರದಿಗಳು ನಿಲ್ಲಲಿಲ್ಲ. ಎಐಆರ್ ಬಂತು, 1969ರಲ್ಲಿ ಎಸ್‌ಸಿಸಿ ಬಂತು. ಕಪಾಟುಗಳ ಸಾಲು ಉದ್ದವಾಯಿತು.

1937ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಫೆಡರಲ್ ಕೋರ್ಟ್ ಶುರುವಾಯಿತು. ಮುಖ್ಯ ನ್ಯಾಯಮೂರ್ತಿ ಸರ್ ಮಾರಿಸ್ ಗ್ವೈಯರ್ ಅವರ ಜೊತೆ ಕುಳಿತವರು ಸರ್ ಶಾಹ್ ಮುಹಮ್ಮದ್ ಸುಲೇಮಾನ್ ಮತ್ತು ಎಂ.ಆರ್. ಜಯಕರ್. ಅದೇ ವರ್ಷ ಆ ಕೋರ್ಟಿನೊಂದಿಗೆ ಹುಟ್ಟಿದ ಗ್ರಂಥಾಲಯವೇ 1950ರಲ್ಲಿ ಸುಪ್ರೀಂ ಕೋರ್ಟಿಗೆ ಬಳುವಳಿಯಾಗಿ ಬಂತು. 1958ರಲ್ಲಿ ಸಂಸತ್ ಭವನದಿಂದ ಈಗಿನ ಕಟ್ಟಡಕ್ಕೆ ಕೋರ್ಟು ಸ್ಥಳಾಂತರವಾದಾಗ ಅದೂ ಜೊತೆಗೆ ಹೋಯಿತು. ಹೆಸರೇ ಹೇಳುವಂತೆ ಅದು ನ್ಯಾಯಮೂರ್ತಿಗಳ ಗ್ರಂಥಾಲಯ. ವಕೀಲರ ಸಂಘಕ್ಕೆ ಅದರದೇ ಗ್ರಂಥಾಲಯವಿದೆ. ಯಾರ ಮೊಕದ್ದಮೆಯೋ ಆ ಕಕ್ಷಿದಾರನಿಗೆ ಮಾತ್ರ ಯಾವುದೂ ಇರಲಿಲ್ಲ.

ಕೋರ್ಟಿನ ಗ್ರಂಥಪಾಲಕನ ಕೆಲಸ ಧೂಳು ಒರೆಸುವುದಲ್ಲ. ಶಾಹ್ ಬಾನೊ ತೀರ್ಪನ್ನೇ ತೆಗೆದುಕೊಳ್ಳಿ. ಎಐಆರ್‌ನಲ್ಲಿ ಅದು 1985ರ ಸುಪ್ರೀಂ ಕೋರ್ಟ್ ಸಂಪುಟದ 945ನೇ ಪುಟ. ಎಸ್‌ಸಿಸಿಯಲ್ಲಿ ಅದೇ ವರ್ಷದ 2ನೇ ಸಂಪುಟದ 556. ಸುಪ್ರೀಂ ಕೋರ್ಟಿನ ಅಧಿಕೃತ ವರದಿಯಲ್ಲಿ 3ನೇ ಸಂಪುಟದ 844. ಒಂದೇ ತೀರ್ಪು, ಮೂರು ವಿಳಾಸ. ಒಬ್ಬ ವಕೀಲ ಒಂದು ವಿಳಾಸ ಹೇಳುತ್ತಾನೆ, ಎದುರಾಳಿ ಇನ್ನೊಂದು. ಎರಡೂ ಒಂದೇ ಎಂದು ತಕ್ಷಣ ಹೇಳಬಲ್ಲವನು ಬೇಕು. ಆ ತೀರ್ಪನ್ನು ಆಮೇಲೆ ಯಾರು ಅನುಸರಿಸಿದರು, ಯಾರು ತಳ್ಳಿಹಾಕಿದರು, ಕಾಯ್ದೆಗೆ ಯಾವ ತಿದ್ದುಪಡಿ ಬಂತು ಎಂಬುದೂ ಅವನಿಗೆ ಗೊತ್ತಿರಬೇಕು. ತಳ್ಳಿಹಾಕಿದ ತೀರ್ಪನ್ನು ಜೀವಂತವೆಂದು ತಂದಿಟ್ಟರೆ ಅವಧಿ ಮುಗಿದ ಔಷಧಿ ಕೊಟ್ಟಂತೆ.

ನಮ್ಮ ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಹೇಳಿದ್ದರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಓದುಗನ ಸಮಯ ಉಳಿಸಬೇಕು ಎಂಬುದು ಅವುಗಳ ತಿರುಳು. ಕೋರ್ಟಿನಲ್ಲಿ ಉಳಿಯುವ ಸಮಯ ನ್ಯಾಯಮೂರ್ತಿಯದ್ದು ಮಾತ್ರವಲ್ಲ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರದ್ದೂ ಹೌದು.

ಗೌಹಾಟಿಯಿಂದ ದೆಹಲಿಗೆ

1978ರಲ್ಲಿ ಗೌಹಾಟಿ ಹೈಕೋರ್ಟಿನ ನ್ಯಾಯಮೂರ್ತಿ ಬಹರುಲ್ ಇಸ್ಲಾಂ ಅವರು ಜಿಯಾವುದ್ದೀನ್ ಅಹಮದ್ ಮತ್ತು ಅನ್ವರಾ ಬೇಗಂ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟರು. ಕುರ್‌ಆನಿನ ಆಶಯದಂತೆ ತಲಾಖಿಗೆ ಸಕಾರಣವಿರಬೇಕು, ಅದಕ್ಕೂ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ಸಂಧಾನದ ಪ್ರಯತ್ನ ನಡೆದಿರಬೇಕು ಎಂಬುದು ಅದರ ಸಾರ. ಆ ತೀರ್ಪು ಗೌಹಾಟಿ ಲಾ ರಿಪೋರ್ಟ್ಸ್‌ನ 1981ರ ಸಂಪುಟದಲ್ಲಿ ಅಚ್ಚಾಯಿತು. ದೇಶದ ಈಶಾನ್ಯ ಮೂಲೆಯ ಆ ಸಂಪುಟ ಎಷ್ಟು ಜಿಲ್ಲಾ ಕೋರ್ಟುಗಳ ಕಪಾಟು ತಲುಪೀತು ಎಂಬುದನ್ನು ಓದುಗರೇ ಊಹಿಸಬಹುದು.

ಅತ್ತ ಉತ್ತರ ಪ್ರದೇಶದಲ್ಲಿ 1979ರಲ್ಲಿ ಶಮೀಮ್ ಆರಾ ಎಂಬ ಹೆಣ್ಣುಮಗಳು ತನಗೂ ಮಕ್ಕಳಿಗೂ ಜೀವನಾಂಶ ಕೇಳಿ ಅರ್ಜಿ ಹಾಕಿದ್ದರು. 1990ರಲ್ಲಿ ಗಂಡ ಸಲ್ಲಿಸಿದ ಲಿಖಿತ ಹೇಳಿಕೆಯಲ್ಲಿ ತಾನು 1987ರಲ್ಲೇ ತಲಾಖ್ ಕೊಟ್ಟಿದ್ದೇನೆ ಎಂದಿತ್ತು. ಪ್ರಕರಣ ಮೆಟ್ಟಿಲು ಹತ್ತುತ್ತ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2002ರ ಅಕ್ಟೋಬರ್‌ನಲ್ಲಿ. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ‘ಹಿಂದೆ ತಲಾಖ್ ಕೊಟ್ಟಿದ್ದೆ’ ಎಂದು ಬರೆದ ಮಾತ್ರಕ್ಕೆ ಅದು ತಲಾಖ್ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆ ಹೇಳಲು ಅದು ಕೈಗೆತ್ತಿಕೊಂಡದ್ದು ಗೌಹಾಟಿಯ ಆ ಹಳೆಯ ಸಂಪುಟವನ್ನು. 2017ರ ಶಾಯರಾ ಬಾನೊ ತೀರ್ಪಿನಲ್ಲಿ ತ್ರಿವಳಿ ತಲಾಖ್ ಅಸಿಂಧುವಾದಾಗಲೂ ಇದೇ ಸರಪಳಿ ಚರ್ಚೆಗೆ ಬಂತು.

ಇಪ್ಪತ್ತಮೂರು ವರ್ಷಗಳ ವಿಳಂಬಕ್ಕೆ ಗ್ರಂಥಾಲಯವೊಂದೇ ಹೊಣೆ ಎನ್ನಲಾಗದು. ಆದರೆ ಆ ಇಪ್ಪತ್ತಮೂರು ವರ್ಷಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ, ಅವರ ಬಡ ವಕೀಲರಿಗೆ, ತಮ್ಮ ಪರವಾಗಿ ಒಂದು ತೀರ್ಪು ಎಲ್ಲೋ ಕಪಾಟಿನಲ್ಲಿ ಕುಳಿತಿದೆ ಎಂಬುದೇ ತಿಳಿದಿರಲಿಕ್ಕಿಲ್ಲ. ಹಕ್ಕು ಇರುವುದು ಬೇರೆ, ಹಕ್ಕಿನ ಪುಟಸಂಖ್ಯೆ ಗೊತ್ತಿರುವುದು ಬೇರೆ.

ಕಂಪ್ಯೂಟರ್ ತೆರೆದ ಬಾಗಿಲು

ಸುಪ್ರೀಂ ಕೋರ್ಟಿನ ಗ್ರಂಥಾಲಯ ಕಂಪ್ಯೂಟರಿಗೆ ಹೊರಳಿದಾಗ ಹೊರಗಿನಿಂದ ಯಾರೋ ಬಂದು ಯಂತ್ರ ಕೂರಿಸಿ ಹೋದದ್ದಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ವಿಷಯವಾರು ಹುಡುಕುವ ‘ಸುಪ್ಲಿಸ್’ ಎಂಬ ದತ್ತಕೋಶವನ್ನು ಕಟ್ಟಿದ್ದು ಗ್ರಂಥಾಲಯದವರೇ. ವಿಷಯಸೂಚಿ ಮಾಡಿ ಪಳಗಿದ ಕೈಗಳಿಗೇ ಯಾವ ತೀರ್ಪು ಯಾವ ಶೀರ್ಷಿಕೆಯಡಿ ಬರಬೇಕೆಂಬ ವಿವೇಕ ಇರುವುದು. 2004ರ ಕೊನೆಗೆ ದೇಶದ ಕೋರ್ಟುಗಳ ಗಣಕೀಕರಣಕ್ಕೆ ಇ-ಸಮಿತಿ ರಚನೆಯಾದಾಗ ಅದರ ಅಧ್ಯಕ್ಷರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜಿ.ಸಿ. ಭರೂಕಾ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ತೀರ್ಪು ಯಾರ ಸೊತ್ತು? ಸಿ.ಡಿ.ಗಳಲ್ಲಿ ತೀರ್ಪುಗಳನ್ನು ಮಾರುತ್ತಿದ್ದವರ ವಿರುದ್ಧ ಎಸ್‌ಸಿಸಿಯ ಪ್ರಕಾಶಕರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು: ಸಂಪಾದಕರು ಬರೆದ ಟಿಪ್ಪಣಿ ಅವರದ್ದು, ನ್ಯಾಯಾಧೀಶರು ಬರೆದ ತೀರ್ಪಿನ ಪಠ್ಯ ಎಲ್ಲರದ್ದು. ಕೆಲವೇ ವಾರಗಳಲ್ಲಿ, 2008ರ ಆರಂಭದಲ್ಲಿ, ಸುಶಾಂತ್ ಸಿನ್ಹಾ ಎಂಬ ಯುವ ಕಂಪ್ಯೂಟರ್ ತಜ್ಞರು ‘ಇಂಡಿಯನ್ ಕಾನೂನ್’ ಎಂಬ ಉಚಿತ ಹುಡುಕಾಟದ ತಾಣ ತೆರೆದರು. ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳನ್ನು ‘ಇ-ಎಸ್‌ಸಿಆರ್’ ಹೆಸರಿನಲ್ಲಿ ಉಚಿತವಾಗಿ ಸಾರ್ವಜನಿಕರ ಮುಂದಿಟ್ಟದ್ದು 2023ರ ಜನವರಿ 2ರಂದು, ಸುಮಾರು 34 ಸಾವಿರ ತೀರ್ಪುಗಳೊಂದಿಗೆ. ಅದೇ ವರ್ಷ ಪ್ರತಿ ತೀರ್ಪಿಗೂ ಕೋರ್ಟೇ ಒಂದು ಸಂಖ್ಯೆ ಕೊಡುವ ಪದ್ಧತಿಯೂ ಬಂತು. ಪ್ರಕಾಶಕರ ಮೂರು ವಿಳಾಸಗಳ ಮೇಲೆ ಕೋರ್ಟಿನದೇ ಒಂದು ವಿಳಾಸ.

ಇಷ್ಟಾದರೆ ಗ್ರಂಥಪಾಲಕನ ಕೆಲಸ ಮುಗಿಯಿತೇ? ಇಲ್ಲ ಎನ್ನುತ್ತದೆ ನಮ್ಮದೇ ಊರಿನ ಅನುಭವ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಕೊಟ್ಟಿರುವುದನ್ನು ಕಂಡು ಕರ್ನಾಟಕ ಹೈಕೋರ್ಟ್ ಕ್ರಮಕ್ಕೆ ಸೂಚಿಸಿತು. ಪುಸ್ತಕ ಸಿಗದ ಕಾಲ ಹೋಗಿ, ಇಲ್ಲದ ಪುಸ್ತಕ ಸಿಗುವ ಕಾಲ ಬಂದಿದೆ. ‘ಇದು ನಿಜವಾಗಿ ಇದೆಯೇ, ಇನ್ನೂ ಜೀವಂತವಿದೆಯೇ?’ ಎಂದು ನೋಡಿ ಹೇಳುವ ಕಣ್ಣು ಹಿಂದೆಂದಿಗಿಂತ ಈಗ ಹೆಚ್ಚು ಬೇಕು.

ಉಳಿದ ಬೀಗ

ವಕೀಲ, ವಕಾಲತ್ತು, ದಾವೆ, ಅರ್ಜಿ, ಜಾಮೀನು, ನಕಲು, ಮುನ್ಸೀಫ್ – ನಮ್ಮ ಹಳ್ಳಿಯ ರೈತನ ಬಾಯಲ್ಲೂ ಇರುವ ಈ ಮಾತುಗಳು ಅರಬಿ, ಪಾರಸಿಯಿಂದ ಬಂದು ಕನ್ನಡವಾದವು. ಈಗಿನ ಹೈಕೋರ್ಟ್ ಕಟ್ಟಡದ ಹೆಸರು ‘ಅಠಾರಾ ಕಚೇರಿ’ಯಲ್ಲೂ ಇರುವುದು ನಮ್ಮ ಹಿಂದೂಸ್ತಾನಿಯ ಹದಿನೆಂಟೇ. ಕೋರ್ಟಿನ ಅಂಗಳದವರೆಗೆ ಜನರ ಭಾಷೆ ಬಂತು. ಒಳಗಿನ ಕಪಾಟಿನಲ್ಲಿ ಮಾತ್ರ ಇಂಗ್ಲಿಷ್ ಕೂತಿತು.

2019ರಿಂದ ಸುಪ್ರೀಂ ಕೋರ್ಟು ಕೆಲವು ತೀರ್ಪುಗಳನ್ನು ದೇಶಭಾಷೆಗಳಿಗೆ ತರತೊಡಗಿತು. ಆ ವರ್ಷವೇ ‘ಸುವಾಸ್’ ಎಂಬ ಅನುವಾದ ತಂತ್ರಾಂಶವೂ ಬಂತು. 2023ರ ಗಣರಾಜ್ಯೋತ್ಸವದ ಹೊತ್ತಿಗೆ ಪ್ರಕಟವಾದ ಲೆಕ್ಕದಲ್ಲಿ ಕನ್ನಡದಲ್ಲಿದ್ದ ತೀರ್ಪುಗಳು 17, ಉರ್ದುವಿನಲ್ಲಿ 3. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನನ್ನಂಥವನಿಗೆ ಈ ಎರಡು ಸಂಖ್ಯೆಗಳು 34 ಸಾವಿರದ ಪಕ್ಕದಲ್ಲಿ ಬಹಳ ಚಿಕ್ಕದಾಗಿ ಕಂಡವು. ಆಮೇಲೆ ಸಂಖ್ಯೆ ಬೆಳೆದಿದೆ, ಬೆಳೆಯಲಿ. ಆದರೆ ಯಂತ್ರಕ್ಕೇ ಬಿಟ್ಟರೆ ‘ಲೀವ್ ಗ್ರಾಂಟೆಡ್’ ಎಂಬ ಕೋರ್ಟಿನ ಅನುಮತಿ ‘ರಜೆ ಮಂಜೂರು’ ಆಗಿಬಿಡುತ್ತದೆ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರೇ ಉದಾಹರಣೆ ಕೊಟ್ಟಿದ್ದಾರೆ. ಹ್ಯಾಮಿಲ್ಟನ್ನನ ಅನುವಾದದ ಅನುವಾದದಿಂದ ನಾವು ಕಲಿತ ಪಾಠವನ್ನು ಮರೆಯಬಾರದು. ಕಾನೂನೂ ಕನ್ನಡವೂ ಬಲ್ಲ, ಕಾನೂನೂ ಉರ್ದುವೂ ಬಲ್ಲ ಮನುಷ್ಯರು ಕೋರ್ಟಿನ ಗ್ರಂಥಾಲಯಗಳಲ್ಲಿ ಕೂರಬೇಕು.

2023ರಲ್ಲಿ ಒಪ್ಪಿಗೆ ಪಡೆದ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 7210 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. ಹಳೆಯ ಕಡತಗಳನ್ನು ಡಿಜಿಟಲ್ ಮಾಡುವುದೂ ಅದರಲ್ಲಿ ಸೇರಿದೆ. ಆ ಹಣದ ಒಂದು ಪಾಲಾದರೂ ತಾಲ್ಲೂಕು ಕೋರ್ಟಿನ ಗ್ರಂಥಾಲಯಕ್ಕೂ, ಅಲ್ಲಿ ಕೂರುವ ಬಲ್ಲವರಿಗೂ ಸಿಗಬೇಕು. ಕೋರ್ಟಿನ ವರಾಂಡದಲ್ಲಿ ಕೂಸನ್ನು ಎತ್ತಿಕೊಂಡು ಕಾಯುವ ತಾಯಿ, ತನ್ನ ಪರವಾಗಿ ಈಗಾಗಲೇ ಬರೆದಿಟ್ಟಿರುವ ಪುಟವನ್ನು ತನ್ನದೇ ಭಾಷೆಯಲ್ಲಿ ಯಾರಿಂದಲಾದರೂ ಓದಿಸಿಕೊಳ್ಳುವಂತಾದ ದಿನ ಆ ಗ್ರಂಥಾಲಯ ಆಧುನಿಕವಾಯಿತು ಎನ್ನೋಣ.